ಇಸ್ರೇಲ್–ಪ್ಯಾಲೆಸ್ತೀನ್: ಯಾರ ಪಕ್ಷ, ಯಾರ ಸಾವು? ಪದೇ ಪದೇ ಕೇಳುವ ಪ್ರಶ್ನೆಗಳು

2023ರ ಅಕ್ಟೋಬರ್‌ನಿಂದೀಚೆಗೆ ಈ ವಿಷಯ ಎತ್ತಿದರೆ ಎರಡನೇ ಮಾತಿಗೇ ದನಿ ಏರುತ್ತದೆ. ಒಬ್ಬರು ‘ಅಕ್ಟೋಬರ್ 7 ಮರೆತಿರಾ?’ ಎನ್ನುತ್ತಾರೆ, ಇನ್ನೊಬ್ಬರು ‘1948 ಮರೆತಿರಾ?’ ಎನ್ನುತ್ತಾರೆ. ಅಂಥ ಮಾತುಕತೆಯಲ್ಲಿ ಮತ್ತೆ ಮತ್ತೆ ಏಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪೂರ್ತಿ ಇತಿಹಾಸ ಇಲ್ಲಿಲ್ಲ. ಆಯುಧ ಹಿಡಿಯದವರ ಸಾವನ್ನು ಹೇಗೆ ನೋಡಬೇಕು ಎಂಬ ಒಂದು ಎಳೆ ಮಾತ್ರ ಇದೆ.

ಮೊದಲು ಹೇಳಿ, ನೀವು ಯಾರ ಕಡೆ?

ಮುಚ್ಚುಮರೆ ಏನಿಲ್ಲ. 1967ರ ಯುದ್ಧದಲ್ಲಿ ಇಸ್ರೇಲ್ ವಶಪಡಿಸಿಕೊಂಡ ನೆಲದ (ಪಶ್ಚಿಮ ದಂಡೆ, ಪೂರ್ವ ಜೆರುಸಲೇಮ್, ಗಾಜಾ) ಮೇಲಿನ ಸೇನಾ ಹಿಡಿತ ಕೊನೆಯಾಗಬೇಕು, ಪ್ಯಾಲೆಸ್ತೀನಿಯರಿಗೆ ಸ್ವಂತ ದೇಶ ಬೇಕು, ಇಸ್ರೇಲಿಗಳು ತಮ್ಮ ದೇಶದಲ್ಲಿ ಸೈರನ್ ಕೇಳಿ ಬಂಕರಿಗೆ ಓಡದೆ ಬದುಕಬೇಕು ಎನ್ನುವವನು ನಾನು. ಇದು ನನ್ನ ರಾಜಕೀಯ, ನೀವು ಒಪ್ಪಲೇಬೇಕೆಂದಿಲ್ಲ. ಆದರೆ ಮುಂದೆ ನಾಗರಿಕರ ಬಗ್ಗೆ ಹೇಳುವುದೆಲ್ಲ ಈ ನಿಲುವಿನ ಆಧಾರದ ಮೇಲೆ ನಿಂತಿಲ್ಲ. ನೀವು ಕಟ್ಟಾ ಇಸ್ರೇಲ್ ಬೆಂಬಲಿಗರಾಗಿದ್ದರೂ, ಕಟ್ಟಾ ಪ್ಯಾಲೆಸ್ತೀನ್ ಬೆಂಬಲಿಗರಾಗಿದ್ದರೂ ಅದು ನಿಮಗೂ ಅನ್ವಯಿಸುತ್ತದೆ.

ಅಂದರೆ ಪಕ್ಷ ವಹಿಸುವುದು ತಪ್ಪಲ್ಲವೇ?

ತಪ್ಪಲ್ಲ. ಯುದ್ಧದ ಕಾನೂನು ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಇಟ್ಟಿದೆ. ಆಯುಧ ಎತ್ತಲು ನ್ಯಾಯವಾದ ಕಾರಣ ಇತ್ತೇ ಎಂಬುದು ಒಂದು. ಎತ್ತಿದ ಮೇಲೆ ಯಾರ ಮೇಲೆ ಹೇಗೆ ಬಳಸಿದಿರಿ ಎಂಬುದು ಇನ್ನೊಂದು. ಮೊದಲನೆಯದರಲ್ಲಿ ಪೂರ್ತಿ ಅಂಕ ಪಡೆದವನೂ ಎರಡನೆಯದರಲ್ಲಿ ಫೇಲಾಗಬಹುದು. ನಮ್ಮ ಜಗಳಗಳೆಲ್ಲ ಹುಟ್ಟುವುದು ಇವೆರಡನ್ನೂ ಕಲಸಿದಾಗ. ‘ನಮ್ಮ ಕಡೆಯವರಿಗೆ ಅನ್ಯಾಯವಾಗಿದೆ’ ಎಂಬುದು ಮೊದಲ ಪ್ರಶ್ನೆಗೆ ಉತ್ತರವಾದೀತು. ಮಗುವೊಂದು ಸತ್ತಾಗ ಅದೇ ಉತ್ತರವನ್ನು ಮುಂದಿಟ್ಟರೆ ಅದು ಬರೀ ನುಣುಚಿಕೊಳ್ಳುವ ದಾರಿ.

ಇದೆಲ್ಲ ಶುರುವಾದದ್ದು ಯಾವ ವರ್ಷ? ಮೊದಲು ಕೈಮಾಡಿದವರು ಯಾರು?

ಯಾವ ವರ್ಷದಿಂದ ಕತೆ ಶುರು ಮಾಡುತ್ತೀರೋ ಅದರಲ್ಲೇ ನಿಮ್ಮ ಪಕ್ಷ ಗೊತ್ತಾಗುತ್ತದೆ. ಪ್ಯಾಲೆಸ್ತೀನ್ ಪರ ಮಾತಾಡುವವರು 1917ರ ಬಾಲ್ಫರ್ ಘೋಷಣೆಯಿಂದ ಹಿಡಿಯುತ್ತಾರೆ. ಯಾರದ್ದೋ ನೆಲದಲ್ಲಿ ಯಹೂದಿಗಳಿಗೆ ನೆಲೆ ಕೊಡಿಸುವುದಾಗಿ ಬ್ರಿಟನ್ ಮಾತುಕೊಟ್ಟ ವರ್ಷ ಅದು. ಇಸ್ರೇಲ್ ಪರ ಇರುವವರು 1929ರ ಹೆಬ್ರಾನ್ ತೆಗೆಯುತ್ತಾರೆ. ಆಗಸ್ಟ್ ತಿಂಗಳ ಆ ಗಲಭೆಯಲ್ಲಿ 67 ಯಹೂದಿಗಳನ್ನು ಕೊಲ್ಲಲಾಯಿತು. ಅದೇ ಊರಿನಲ್ಲಿ ನೂರಾರು ಯಹೂದಿಗಳನ್ನು ತಮ್ಮ ಮನೆಗಳಲ್ಲಿ ಬಚ್ಚಿಟ್ಟು ಉಳಿಸಿದವರು ಅರಬ್ ನೆರೆಹೊರೆಯವರೇ. ಈ ಎರಡನೇ ಭಾಗವನ್ನು ಎರಡೂ ಪಾಳಯದವರು ಹೇಳುವುದು ಅಪರೂಪ.

1948ರ ಏಪ್ರಿಲ್ ತಿಂಗಳ ಐದು ದಿನಗಳನ್ನು ಹತ್ತಿರದಿಂದ ನೋಡಿ. 9ರಂದು ಜೆರುಸಲೇಮ್ ಪಕ್ಕದ ದೇರ್ ಯಾಸಿನ್ ಹಳ್ಳಿಗೆ ಇರ್ಗುನ್ ಮತ್ತು ಲೇಹಿ ಎಂಬ ಯಹೂದಿ ಸಶಸ್ತ್ರ ಗುಂಪುಗಳು ನುಗ್ಗಿದವು. ಹೆಂಗಸರು ಮಕ್ಕಳು ಸೇರಿ ನೂರಕ್ಕೂ ಹೆಚ್ಚು ಜನ ಸತ್ತರು. 13ರಂದು ಸ್ಕೋಪಸ್ ಬೆಟ್ಟದ ಹದಾಸಾ ಆಸ್ಪತ್ರೆಗೆ ಹೊರಟಿದ್ದ ವಾಹನಗಳ ಸಾಲಿನ ಮೇಲೆ ಅರಬ್ ಪಡೆಗಳು ದಾಳಿ ಮಾಡಿದವು. ವೈದ್ಯರು, ದಾದಿಯರು ಸೇರಿ ಎಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಎರಡನೆಯದು ಮೊದಲನೆಯದಕ್ಕೆ ಸೇಡು ಎಂದರು. ದೇರ್ ಯಾಸಿನ್‌ನಲ್ಲಿ ಬಂದೂಕು ಹಿಡಿದಿದ್ದವರಿಗೂ ಆ ದಾದಿಯರಿಗೂ ಎಲ್ಲಿಂದೆಲ್ಲಿಯ ಸಂಬಂಧ?

ಆ ಯುದ್ಧ ಮುಗಿಯುವ ಹೊತ್ತಿಗೆ ಸುಮಾರು ಏಳು ಲಕ್ಷ ಪ್ಯಾಲೆಸ್ತೀನಿಯರು ಮನೆ ಬಿಟ್ಟಿದ್ದರು. ಕೆಲವರನ್ನು ಓಡಿಸಿದರು, ಕೆಲವರು ಹೆದರಿ ಓಡಿದರು. ಮರಳಲು ಮಾತ್ರ ಬಹುತೇಕ ಯಾರನ್ನೂ ಬಿಡಲಿಲ್ಲ. ಇದನ್ನೇ ಅವರು ನಕ್ಬಾ ಎನ್ನುತ್ತಾರೆ. ಮುಂದಿನ ವರ್ಷಗಳಲ್ಲಿ ಇರಾಕ್, ಯೆಮೆನ್, ಈಜಿಪ್ಟ್, ಮೊರಾಕ್ಕೊ ಮುಂತಾದ ದೇಶಗಳಿಂದ ಲಕ್ಷಾಂತರ ಯಹೂದಿಗಳೂ ಬೇರು ಕಿತ್ತು ಹೊರಟರು. ಇಂದಿನ ಗಾಜಾದ ಜನರಲ್ಲಿ ಹತ್ತಿರಹತ್ತಿರ ಮುಕ್ಕಾಲು ಪಾಲು 1948ರ ನಿರಾಶ್ರಿತರು ಅಥವಾ ಅವರ ಮಕ್ಕಳು ಮೊಮ್ಮಕ್ಕಳು.

ಇತಿಹಾಸ ಓದಬೇಕು, ಯಾರಿಗೆ ಯಾಕೆ ಸಿಟ್ಟು ಎಂದು ಅದರಿಂದ ತಿಳಿಯುತ್ತದೆ. ಈಗ ಎದುರಿಗಿರುವ ನಿರಾಯುಧ ವ್ಯಕ್ತಿಯನ್ನು ಕೊಲ್ಲಲು ಪರವಾನಗಿ ಅದರಲ್ಲಿ ಸಿಗುವುದಿಲ್ಲ.

ಅಕ್ಟೋಬರ್ 7ರಂದು ಆದದ್ದು ಏನು? ಅದೂ ಉತ್ಪ್ರೇಕ್ಷೆ ಎನ್ನುತ್ತಾರಲ್ಲ?

2023ರ ಅಕ್ಟೋಬರ್ 7, ಶನಿವಾರ. ಗಾಜಾವನ್ನು ಆಳುತ್ತಿದ್ದ ಸಶಸ್ತ್ರ ಸಂಘಟನೆ ಹಮಾಸ್ ಮತ್ತು ಜೊತೆಗಿನ ಗುಂಪುಗಳು ಗಾಜಾದ ಬೇಲಿ ಒಡೆದು ದಕ್ಷಿಣ ಇಸ್ರೇಲಿಗೆ ನುಗ್ಗಿ ಸುಮಾರು 1,200 ಜನರನ್ನು ಕೊಂದವು. ಸತ್ತವರಲ್ಲಿ ಹೆಚ್ಚಿನವರು ನಾಗರಿಕರು. 251 ಜನರನ್ನು ಗಾಜಾಕ್ಕೆ ಹೊತ್ತೊಯ್ದರು. ನೋವಾ ಸಂಗೀತೋತ್ಸವ ಒಂದರಲ್ಲೇ ಮುನ್ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. ನೀರ್ ಓಜ್ ಎಂಬ ಕಿಬುಟ್ಜ್‌ನಲ್ಲಿ (ಸಾಮುದಾಯಿಕ ಕೃಷಿ ಹಳ್ಳಿ) ನಾಲ್ಕು ಜನರಲ್ಲಿ ಒಬ್ಬರನ್ನು ಕೊಲ್ಲಲಾಯಿತು ಇಲ್ಲವೇ ಎಳೆದೊಯ್ಯಲಾಯಿತು. ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ನಂಬಲು ಸಾಕಷ್ಟು ಆಧಾರವಿದೆ ಎಂದು ವಿಶ್ವಸಂಸ್ಥೆಯ ವಿಶೇಷ ಪ್ರತಿನಿಧಿ ಪ್ರಮೀಳಾ ಪ್ಯಾಟನ್ 2024ರ ಮಾರ್ಚ್‌ನಲ್ಲಿ ವರದಿ ಕೊಟ್ಟರು.

ಸತ್ತವರು ಯಾರು ಎಂದು ನೋಡಿದರೆ ‘ಆಕ್ರಮಣಕಾರರ ವಿರುದ್ಧ ಹೋರಾಟ’ ಎಂಬ ಮಾತು ಅಲ್ಲೇ ಕುಸಿಯುತ್ತದೆ. ಹೊಲದಲ್ಲಿ ದುಡಿಯಲು ಬಂದಿದ್ದ ಥಾಯ್ಲೆಂಡಿನ ಕೂಲಿಗಳು ಮೂವತ್ತಕ್ಕೂ ಹೆಚ್ಚು ಜನ ಸತ್ತರು. ಅಲುಮಿಮ್ ಕಿಬುಟ್ಜ್‌ನಲ್ಲಿ ಕೃಷಿ ಕಲಿಯುತ್ತಾ ದುಡಿಯುತ್ತಿದ್ದ ನೇಪಾಳದ ಹತ್ತು ವಿದ್ಯಾರ್ಥಿಗಳನ್ನು ಕೊಂದರು. ಇಸ್ರೇಲಿನ ಪ್ರಜೆಗಳಾದ ಬೆಡುಯಿನ್ (ಅಲೆಮಾರಿ ಮೂಲದ ಅರಬ್) ಮುಸ್ಲಿಮರೂ ಸತ್ತರು. ಗಾಜಾದ ರೋಗಿಗಳನ್ನು ತಮ್ಮ ಕಾರಿನಲ್ಲೇ ಇಸ್ರೇಲಿನ ಆಸ್ಪತ್ರೆಗಳಿಗೆ ಕರೆದೊಯ್ಯುತ್ತಿದ್ದ, ಎಪ್ಪತ್ತು ದಾಟಿದ್ದ ಶಾಂತಿ ಹೋರಾಟಗಾರ್ತಿ ವಿವಿಯನ್ ಸಿಲ್ವರ್ ಅವರನ್ನು ಬೇರಿ ಕಿಬುಟ್ಜ್‌ನ ಅವರ ಮನೆಯಲ್ಲೇ ಕೊಂದರು.

ನೆಲ ಕಳೆದುಕೊಂಡವರಿಗೆ ಪ್ರತಿರೋಧದ ಹಕ್ಕಿಲ್ಲವೇ?

ಇದೆ. ಪರಾಧೀನ ಜನರ ವಿಮೋಚನಾ ಹೋರಾಟವನ್ನು ವಿಶ್ವಸಂಸ್ಥೆಯ ಮಹಾಸಭೆ ಹಲವು ನಿರ್ಣಯಗಳಲ್ಲಿ ಮಾನ್ಯ ಮಾಡಿದೆ. ಅಂಥ ಹೋರಾಟಕ್ಕೂ ಅದೇ ಕಟ್ಟುಪಾಡು. ಸೈನಿಕ ನೆಲೆಯ ಮೇಲಿನ ದಾಳಿ ಬೇರೆ, ಮಲಗುವ ಕೋಣೆಗೆ ನುಗ್ಗಿ ಒತ್ತೆಯಾಳು ಹಿಡಿಯುವುದು ಬೇರೆ. ಒತ್ತೆಯಾಳು ಹಿಡಿಯುವುದನ್ನು 1949ರ ಜಿನೀವಾ ಒಪ್ಪಂದಗಳು ಯಾವ ವಿನಾಯಿತಿಯೂ ಇಲ್ಲದೆ ನಿಷೇಧಿಸಿವೆ.

ಹಾಗಾದರೆ ಇಸ್ರೇಲಿಗೆ ಆತ್ಮರಕ್ಷಣೆಯ ಹಕ್ಕಿಲ್ಲವೇ? ಯುದ್ಧವೆಂದರೆ ಜನ ಸಾಯುತ್ತಾರಪ್ಪ.

ಅದಕ್ಕೂ ಹಕ್ಕಿದೆ. ಅಂಥ ದಾಳಿಯಾದ ಮೇಲೆ ಯಾವ ದೇಶವೂ ಕೈಕಟ್ಟಿ ಕೂರುವುದಿಲ್ಲ. ಜಗಳ ಇರುವುದು ಆ ಹಕ್ಕಿನ ಅಳತೆಯಲ್ಲಿ.

ಕಾನೂನು ಕೇಳುವುದು ಮೂರು. ಹೋರಾಡುವವರನ್ನೂ ನಾಗರಿಕರನ್ನೂ ಬೇರ್ಪಡಿಸಿ ನೋಡಬೇಕು. ದಾಳಿಯಿಂದ ಸಿಗಬಹುದಾದ ಸೈನಿಕ ಲಾಭಕ್ಕೆ ಹೋಲಿಸಿದರೆ ನಾಗರಿಕರಿಗೆ ಆಗಬಹುದಾದ ಹಾನಿ ಮಿತಿಮೀರಿರಬಾರದು. ಹಾನಿ ತಗ್ಗಿಸಲು ಸಾಧ್ಯವಿರುವ ಎಚ್ಚರಿಕೆಗಳನ್ನೆಲ್ಲ ತೆಗೆದುಕೊಳ್ಳಬೇಕು. ಎರಡನೆಯದನ್ನು ನಮ್ಮಲ್ಲಿ ತುಂಬ ಜನ ತಪ್ಪಾಗಿ ಹಿಡಿದಿದ್ದಾರೆ. ‘ಅವರು 1,200 ಕೊಂದರು, ಇವರೂ 1,200 ಕೊಂದರೆ ಸರಿಹೋಯಿತು’ ಎಂಬ ಲೆಕ್ಕ ಅಲ್ಲಿಲ್ಲ. ಹೆಣಕ್ಕೆ ಹೆಣ ತೂಗುವ ತಕ್ಕಡಿಯನ್ನು ಕಾನೂನು ಮುಟ್ಟುವುದೇ ಇಲ್ಲ. ಒಂದೊಂದು ದಾಳಿಯ ಹೊತ್ತಿನಲ್ಲೂ ಅಪ್ಪಣೆ ಕೊಟ್ಟ ಅಧಿಕಾರಿಗೆ ಏನು ಗೊತ್ತಿತ್ತು, ಏನನ್ನು ನಿರೀಕ್ಷಿಸಿದ್ದ, ಬೇರೆ ದಾರಿ ಇತ್ತೇ ಎಂದು ಅದು ಕೇಳುತ್ತದೆ. ಆದ್ದರಿಂದಲೇ ದೂರದಲ್ಲಿ ಕೂತು ಒಂದು ಬಾಂಬಿನ ಬಗ್ಗೆ ತೀರ್ಪು ಹೇಳುವುದು ಕಷ್ಟ.

ಕೆಲವದಕ್ಕೆ ಅಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. 2023ರ ಅಕ್ಟೋಬರ್ 9ರಂದು ಇಸ್ರೇಲಿನ ಆಗಿನ ರಕ್ಷಣಾ ಸಚಿವ ಯೋವ್ ಗ್ಯಾಲಂಟ್ ಗಾಜಾಕ್ಕೆ ವಿದ್ಯುತ್, ಆಹಾರ, ಇಂಧನ ಯಾವುದನ್ನೂ ಬಿಡುವುದಿಲ್ಲವೆಂದು ಪೂರ್ಣ ದಿಗ್ಬಂಧನ ಸಾರಿದರು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನರ ಊಟ ನಿಲ್ಲಿಸುವುದರಲ್ಲಿ ಯಾವ ಹಮಾಸ್ ಕಮಾಂಡರ್ ಗುರಿಯಾದಂತಾಯಿತು? 2025ರ ಮಾರ್ಚ್ 2ರಿಂದ ಸುಮಾರು ಹನ್ನೊಂದು ವಾರ ಮತ್ತೆ ಎಲ್ಲ ನೆರವನ್ನೂ ತಡೆದರು. ಆಹಾರ ಭದ್ರತೆ ಅಳೆಯುವ ಐಪಿಸಿ ಸಂಸ್ಥೆ ಅದೇ ವರ್ಷ ಆಗಸ್ಟ್ 22ರಂದು ಗಾಜಾ ನಗರ ಪ್ರದೇಶದಲ್ಲಿ ಕ್ಷಾಮವಿದೆ ಎಂದು ದೃಢಪಡಿಸಿತು. ಇಸ್ರೇಲ್ ಆ ವರದಿಯನ್ನು ಒಪ್ಪಲಿಲ್ಲ. ಆದರೆ ಗಡಿಯ ಬಾಗಿಲು ಯಾರ ಕೈಯಲ್ಲಿತ್ತು ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ.

ಹಮಾಸ್ ಆಸ್ಪತ್ರೆ, ಶಾಲೆಗಳ ಕೆಳಗೆ ಅಡಗಿದರೆ ಇಸ್ರೇಲ್ ಏನು ಮಾಡಬೇಕು?

ಹಮಾಸ್ ಜನವಸತಿಯ ನಡುವೆ, ಕೆಳಗೆ ಸುರಂಗ ಕೊರೆದು ಹೋರಾಡುತ್ತದೆ ಎಂಬುದು ನಿಜ. ಅದೂ ಅಪರಾಧ. ಗಾಜಾ ಎಷ್ಟು ಕಿರಿದು ಎಂಬುದನ್ನೂ ನೆನಪಿಡಿ: ಸುಮಾರು 365 ಚದರ ಕಿಲೋಮೀಟರ್, ಅಂದರೆ ಬೆಂಗಳೂರು ನಗರದ ಅರ್ಧ. ಅಲ್ಲಿ ಎಲ್ಲಿ ನಿಂತರೂ ಪಕ್ಕದಲ್ಲೊಂದು ಮನೆ ಇರುತ್ತದೆ. ಹೊರಗೆ ಓಡಲು ಗಡಿ ತೆರೆದಿರಲಿಲ್ಲ. 2023ರ ಅಕ್ಟೋಬರ್ 13ರಂದು ಉತ್ತರದ ಹನ್ನೊಂದು ಲಕ್ಷ ಜನರಿಗೆ 24 ಗಂಟೆಯಲ್ಲಿ ದಕ್ಷಿಣಕ್ಕೆ ಹೊರಡಿ ಎಂದರು. ಹೋದವರ ಮೇಲೆ ದಕ್ಷಿಣದಲ್ಲೂ ಬಾಂಬು ಬಿತ್ತು.

ಎದುರಾಳಿ ಜನರನ್ನು ಗುರಾಣಿ ಮಾಡಿಕೊಂಡ ಮಾತ್ರಕ್ಕೆ ಗುರಾಣಿಯಾದವರ ರಕ್ಷಣೆ ರದ್ದಾಗುವುದಿಲ್ಲ. ಬ್ಯಾಂಕಿಗೆ ನುಗ್ಗಿದ ದರೋಡೆಕೋರ ಗ್ರಾಹಕರನ್ನು ಮುಂದೆ ನಿಲ್ಲಿಸಿಕೊಂಡರೆ ಪೊಲೀಸರು ಇಡೀ ಬ್ಯಾಂಕನ್ನು ಉಡಾಯಿಸುವುದಿಲ್ಲವಷ್ಟೇ. ಇನ್ನೊಂದು ಮಾತು. ಸೆರೆಸಿಕ್ಕ ಪ್ಯಾಲೆಸ್ತೀನಿಯರನ್ನು ಮುಂದೆ ಬಿಟ್ಟು ಮನೆ, ಸುರಂಗ ಹುಡುಕಿಸಿದ ಬಗ್ಗೆ ಇಸ್ರೇಲಿ ಸೈನಿಕರೇ ಮಾಜಿ ಸೈನಿಕರ ‘ಬ್ರೇಕಿಂಗ್ ದ ಸೈಲೆನ್ಸ್’ ಸಂಸ್ಥೆಗೆ, ಇಸ್ರೇಲಿ ಪತ್ರಿಕೆಗಳಿಗೆ ಹೇಳಿಕೆ ಕೊಟ್ಟಿದ್ದಾರೆ. ಈ ಪದ್ಧತಿಯನ್ನು ಇಸ್ರೇಲಿನ ಸುಪ್ರೀಂ ಕೋರ್ಟ್ 2005ರಲ್ಲೇ ನಿಷೇಧಿಸಿತ್ತು.

ಗಾಜಾದ ಸಾವಿನ ಲೆಕ್ಕ ಹಮಾಸ್‌ನದ್ದು. ನಂಬುವುದು ಹೇಗೆ?

ಲೆಕ್ಕ ಇಡುವುದು ಗಾಜಾದ ಆರೋಗ್ಯ ಸಚಿವಾಲಯ. ಅದು ಹಮಾಸ್ ಆಡಳಿತದ ಕೆಳಗಿದೆ, ಸತ್ತವರಲ್ಲಿ ಹೋರಾಟಗಾರರೆಷ್ಟು ನಾಗರಿಕರೆಷ್ಟು ಎಂದು ಬಿಡಿಸಿ ಹೇಳುವುದಿಲ್ಲ. ಎರಡೂ ನಿಜ. ಆದರೆ ಅದರ ಹಳೆಯ ಲೆಕ್ಕಗಳನ್ನು ತಾಳೆ ನೋಡಬಹುದು. 2014ರ ಯುದ್ಧದಲ್ಲಿ ಸಚಿವಾಲಯ 2,310 ಸಾವು ಎಂದಿತು, ವಿಶ್ವಸಂಸ್ಥೆ 2,251 ಎಂದಿತು, ಇಸ್ರೇಲ್ 2,125 ಎಂದಿತು. ಅಂತರ ದೊಡ್ಡದೇನಲ್ಲ. ಈ ಸಲ ಹೆಸರು, ವಯಸ್ಸು, ಗುರುತಿನ ಸಂಖ್ಯೆ ಸಮೇತ ಪಟ್ಟಿಗಳು ಹೊರಬಂದಿವೆ. 2025ರ ಅಕ್ಟೋಬರ್ ಹೊತ್ತಿಗೆ ಒಟ್ಟು 67,000 ದಾಟಿತ್ತು. ಅದರಲ್ಲಿ ಮಕ್ಕಳು 18,000ಕ್ಕೂ ಹೆಚ್ಚು. ಅವಶೇಷಗಳಡಿ ಹೂತುಹೋಗಿ ಲೆಕ್ಕಕ್ಕೆ ಬಾರದವರು ಬೇರೆ.

ಇಸ್ರೇಲಿನ ಮಾತನ್ನೇ ಹಿಡಿಯೋಣ. ಸುಮಾರು 20,000 ಹೋರಾಟಗಾರರನ್ನು ಕೊಂದಿದ್ದೇವೆಂದು ಅದರ ಸೇನೆ 2025ರ ಜನವರಿಯಲ್ಲಿ ಹೇಳಿತು. ಆಗ ಸಚಿವಾಲಯದ ಒಟ್ಟು ಲೆಕ್ಕ 46,000 ಮೀರಿತ್ತು. ಆ 20,000ವನ್ನು ಒಂದೂ ಬಿಡದೆ ಒಪ್ಪಿದರೂ ಉಳಿದವರು ಅರ್ಧಕ್ಕಿಂತ ಹೆಚ್ಚು.

ಹಮಾಸ್‌ಗೆ ಓಟು ಹಾಕಿದವರು ಅವರೇ ತಾನೆ?

2006ರ ಜನವರಿಯ ಚುನಾವಣೆಯಲ್ಲಿ ಹಮಾಸ್‌ಗೆ ಬಿದ್ದ ಓಟು ಶೇ. 44ರಷ್ಟು. 132ರಲ್ಲಿ 74 ಸ್ಥಾನ ಗೆದ್ದಿತು, 2007ರಲ್ಲಿ ಬಂದೂಕಿನ ಬಲದಿಂದ ಗಾಜಾವನ್ನು ಪೂರ್ತಿ ಹಿಡಿಯಿತು. ಅಲ್ಲಿಂದೀಚೆಗೆ ಗಾಜಾದಲ್ಲಿ ಅಂಥ ಚುನಾವಣೆ ನಡೆದೇ ಇಲ್ಲ. ಗಾಜಾದ ಜನರಲ್ಲಿ ಹತ್ತಿರಹತ್ತಿರ ಅರ್ಧ ಮಂದಿ 18ರ ಒಳಗಿನವರು. 2006ರಲ್ಲಿ ಅವರು ಹುಟ್ಟಿಯೇ ಇರಲಿಲ್ಲ.

ಇದರ ಇನ್ನೊಂದು ರೂಪವನ್ನು ಎದುರು ಪಾಳಯದವರು ಹೇಳುತ್ತಾರೆ: ಇಸ್ರೇಲಿನಲ್ಲಿ ಸೇನಾಸೇವೆ ಕಡ್ಡಾಯ, ಹಾಗಾಗಿ ಅಲ್ಲಿ ನಾಗರಿಕರೆಂಬವರೇ ಇಲ್ಲ ಎಂದು. ಎರಡೂ ಒಂದೇ ಮೂಟೆಯ ಸರಕು. ಕರ್ತವ್ಯದಲ್ಲಿ ಇಲ್ಲದ ಮೀಸಲು ಸೈನಿಕ ಕಾನೂನಿನ ಕಣ್ಣಿಗೆ ನಾಗರಿಕ. ಓಟು ಹಾಕಿದವನೂ ನಾಗರಿಕನೇ, ಅದೆಂಥ ಕೆಟ್ಟ ಪಕ್ಷಕ್ಕೆ ಹಾಕಿದ್ದರೂ ಸರಿ. ಮತದಾನಕ್ಕೆ ಮರಣದಂಡನೆ ಎಂದು ಶುರುವಾದರೆ ಜಗತ್ತಿನಲ್ಲಿ ಯಾರೂ ಉಳಿಯುವುದಿಲ್ಲ.

‘ಎರಡೂ ಕಡೆ ತಪ್ಪಿದೆ’ ಎಂದು ಜಾರಿಕೊಳ್ಳುತ್ತಿದ್ದೀರಿ. ಇಬ್ಬರೂ ಸಮವೇ?

ಸಮವಲ್ಲ. ಒಬ್ಬರ ಬಳಿ ಯುದ್ಧವಿಮಾನ, ಅಮೆರಿಕದ ಎರಡು ಸಾವಿರ ಪೌಂಡಿನ ಬಾಂಬುಗಳು, ಗಡಿ, ನೀರು, ಆಕಾಶದ ಮೇಲಿನ ಹಿಡಿತ ಇದೆ. ಇನ್ನೊಬ್ಬರಿಗೆ ದೇಶವೇ ಇಲ್ಲ. ಪಶ್ಚಿಮ ದಂಡೆ ಮತ್ತು ಪೂರ್ವ ಜೆರುಸಲೇಮಿನಲ್ಲಿ ಏಳು ಲಕ್ಷದಷ್ಟು ಇಸ್ರೇಲಿ ವಸಾಹತುಗಾರರಿದ್ದಾರೆ. ಆ ನೆಲದ ಮೇಲಿನ ಇಸ್ರೇಲಿನ ಹಿಡಿತವೇ ಅಕ್ರಮ, ಆದಷ್ಟು ಬೇಗ ಮುಗಿಸಬೇಕು ಎಂದು ಅಂತಾರಾಷ್ಟ್ರೀಯ ನ್ಯಾಯಾಲಯ 2024ರ ಜುಲೈ 19ರಂದು ಅಭಿಪ್ರಾಯ ಕೊಟ್ಟಿದೆ. ಸಾವಿನ ಸಂಖ್ಯೆಯಲ್ಲೂ ಅಜಗಜಾಂತರ. ಇದನ್ನೆಲ್ಲ ಬಾಯಿಬಿಟ್ಟು ಹೇಳಬೇಕು. ಆದರೆ ಬೇರಿಯಲ್ಲಿ ಸತ್ತ ಮಗುವಿಗೆ ತನ್ನ ದೇಶದ ಬಳಿ ಎಷ್ಟು ಬಾಂಬಿವೆ ಎಂಬುದರಿಂದ ಏನೂ ಆಗಬೇಕಾದ್ದಿಲ್ಲ.

ಗಾಜಾದಲ್ಲಿ ನಡೆದದ್ದನ್ನು ಜನಾಂಗೀಯ ಹತ್ಯೆ ಎನ್ನಬಹುದೇ?

ದಕ್ಷಿಣ ಆಫ್ರಿಕಾ 2023ರ ಡಿಸೆಂಬರ್ 29ರಂದು ಅಂತಾರಾಷ್ಟ್ರೀಯ ನ್ಯಾಯಾಲಯದಲ್ಲಿ ಹಾಗೆಂದೇ ದಾವೆ ಹೂಡಿತು. ಆ ನ್ಯಾಯಾಲಯ 2024ರ ಜನವರಿ 26ರಂದು ಮಧ್ಯಂತರ ಆದೇಶಗಳನ್ನು ಕೊಟ್ಟಿತು. ಭಾರತದ ನ್ಯಾಯಮೂರ್ತಿ ದಲ್ವೀರ್ ಭಂಡಾರಿ ಬಹುಮತದ ಜೊತೆಗಿದ್ದರು. ಅದು ಅಂತಿಮ ತೀರ್ಪಲ್ಲ. ಪ್ಯಾಲೆಸ್ತೀನಿಯರಿಗೆ ಜನಾಂಗೀಯ ಹತ್ಯೆ ತಡೆಯುವ ಅಂತಾರಾಷ್ಟ್ರೀಯ ಒಪ್ಪಂದದ ಅಡಿ ರಕ್ಷಣೆಯ ಹಕ್ಕಿದೆ, ಅದಕ್ಕೆ ಅಪಾಯವಿದೆ ಎಂಬಷ್ಟೇ ಅದರ ಸಾರ. ಇಸ್ರೇಲಿನದ್ದೇ ಮಾನವ ಹಕ್ಕು ಸಂಸ್ಥೆ ಬೆತ್ಸೆಲೆಮ್ 2025ರ ಜುಲೈನಲ್ಲಿ, ವಿಶ್ವಸಂಸ್ಥೆಯ ತನಿಖಾ ಆಯೋಗ ಸೆಪ್ಟೆಂಬರಿನಲ್ಲಿ ಹೌದು, ಇದು ಜನಾಂಗೀಯ ಹತ್ಯೆ ಎಂದವು. ಇಸ್ರೇಲ್ ಕಡ್ಡಿ ಮುರಿದಂತೆ ಅಲ್ಲಗಳೆಯುತ್ತದೆ. ಅತ್ತ ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯ 2024ರ ನವೆಂಬರ್ 21ರಂದು ನೆತನ್ಯಾಹು, ಗ್ಯಾಲಂಟ್ ಮತ್ತು ಹಮಾಸ್‌ನ ಮೊಹಮ್ಮದ್ ದೈಫ್ ಮೂವರ ಮೇಲೂ ಬಂಧನ ವಾರಂಟ್ ಹೊರಡಿಸಿತು.

ಈ ಅಪರಾಧಕ್ಕೆ ‘ಒಂದು ಸಮುದಾಯವನ್ನು ನಾಶ ಮಾಡುವ ಉದ್ದೇಶ’ ಸಾಬೀತಾಗಬೇಕು, ಅದು ಎತ್ತರದ ಮೆಟ್ಟಿಲು. ಅದು ಸಾಬೀತಾಗದೆ ಹೋದರೆ ಉಳಿದ ಯುದ್ಧಾಪರಾಧಗಳೆಲ್ಲ ಮಾಫಿ ಎಂದೇನೂ ಇಲ್ಲ. ಹೆಸರಿಗಾಗಿಯೇ ಗಂಟೆಗಟ್ಟಲೆ ಬಡಿದಾಡುವುದು ನನಗೆ ವ್ಯರ್ಥ ಎನಿಸುತ್ತದೆ.

ಪಶ್ಚಿಮ ದಂಡೆಯಲ್ಲಿ ಹಮಾಸ್ ಆಡಳಿತವಿಲ್ಲವಲ್ಲ, ಅಲ್ಲೇನು ಸಮಸ್ಯೆ?

ಹವಾರಾ ಎಂಬ ಊರಿನ ಒಂದು ದಿನ ಸಾಕು. 2023ರ ಫೆಬ್ರವರಿ 26, ಅಂದರೆ ಅಕ್ಟೋಬರ್ ದಾಳಿಗೆ ಏಳು ತಿಂಗಳ ಮೊದಲು. ನಾಬ್ಲಸ್ ಹತ್ತಿರದ ಆ ಊರಿನ ಮುಖ್ಯರಸ್ತೆಯಲ್ಲಿ ಕಾರಿನಲ್ಲಿ ಹೋಗುತ್ತಿದ್ದ ಇಬ್ಬರು ಇಸ್ರೇಲಿ ಅಣ್ಣತಮ್ಮಂದಿರನ್ನು ಪ್ಯಾಲೆಸ್ತೀನಿ ಬಂದೂಕುಧಾರಿ ಗುಂಡಿಕ್ಕಿ ಕೊಂದ. ಕತ್ತಲಾಗುತ್ತಿದ್ದಂತೆ ನೂರಾರು ವಸಾಹತುಗಾರರು ಊರಿಗೆ ನುಗ್ಗಿ ಮನೆ, ಅಂಗಡಿ, ಕಾರುಗಳಿಗೆ ಬೆಂಕಿಯಿಟ್ಟರು. ಗುಂಡೇಟಿಗೆ ಒಬ್ಬ ಪ್ಯಾಲೆಸ್ತೀನಿ ಸತ್ತ. ಕೆಲವೇ ದಿನಗಳಲ್ಲಿ ಇಸ್ರೇಲಿನ ಹಣಕಾಸು ಸಚಿವ ಸ್ಮೋಟ್ರಿಚ್ ಹವಾರಾವನ್ನು ಅಳಿಸಿಹಾಕಬೇಕು ಎಂದರು, ಟೀಕೆ ಬಂದ ಮೇಲೆ ಮಾತು ತಿರುಗಿಸಿದರು. ಆ ಭಾಗದ ಇಸ್ರೇಲಿ ಸೇನಾ ಮುಖ್ಯಸ್ಥ ಯೆಹೂದಾ ಫುಕ್ಸ್ ಮಾತ್ರ ನಡೆದದ್ದನ್ನು ಪೋಗ್ರೊಮ್ ಎಂದೇ ಕರೆದರು. ರಷ್ಯಾದಲ್ಲಿ ಯಹೂದಿಗಳ ಮೇಲೆ ನಡೆಯುತ್ತಿದ್ದ ದೊಂಬಿದಾಳಿಗಳ ಹೆಸರು ಅದು. ಇಸ್ರೇಲಿನ ಸಾಮಾನ್ಯ ಜನರು ಚಂದಾ ಎತ್ತಿ ಹವಾರಾದ ಸಂತ್ರಸ್ತರಿಗಾಗಿ ಹತ್ತು ಲಕ್ಷ ಶೆಕೆಲ್‌ಗೂ ಹೆಚ್ಚು ಸೇರಿಸಿದರು.

ಭಾರತ ಯಾರ ಕಡೆ?

ಎರಡೂ ಕಡೆ, ಕಾಲಕ್ಕೆ ತಕ್ಕಂತೆ ತೂಕ ಬದಲಿಸುತ್ತಾ. ಪ್ಯಾಲೆಸ್ತೀನನ್ನು ಯಹೂದಿ, ಅರಬ್ ದೇಶಗಳಾಗಿ ಒಡೆಯುವ ವಿಶ್ವಸಂಸ್ಥೆಯ 1947ರ ವಿಭಜನಾ ಯೋಜನೆಯ ವಿರುದ್ಧ ಮತ ಹಾಕಿದ ದೇಶಗಳಲ್ಲಿ ಭಾರತವೂ ಒಂದು. 1950ರಲ್ಲಿ ಇಸ್ರೇಲಿಗೆ ಮಾನ್ಯತೆ, 1974ರಲ್ಲಿ ಪಿಎಲ್‌ಒಗೆ (ಪ್ಯಾಲೆಸ್ತೀನ್ ವಿಮೋಚನಾ ಸಂಘಟನೆ) ಮಾನ್ಯತೆ, 1988ರಲ್ಲಿ ಪ್ಯಾಲೆಸ್ತೀನ್ ದೇಶಕ್ಕೆ ಮಾನ್ಯತೆ, 1992ರಲ್ಲಿ ಇಸ್ರೇಲ್ ಜೊತೆ ಪೂರ್ಣ ರಾಜತಾಂತ್ರಿಕ ಸಂಬಂಧ. ಈಗಿನ ಯುದ್ಧದಲ್ಲಿ 2023ರ ಅಕ್ಟೋಬರಿನ ಮಹಾಸಭೆ ಮತದಾನದಿಂದ ದೂರ, ಡಿಸೆಂಬರಿನಲ್ಲಿ ಕದನ ವಿರಾಮದ ಪರ, 2025ರ ಜೂನ್‌ನಲ್ಲಿ ಮತ್ತೆ ದೂರ. ಎರಡು ರಾಷ್ಟ್ರಗಳ ಪರಿಹಾರವೇ ಅಧಿಕೃತ ನಿಲುವಾಗಿ ಉಳಿದಿದೆ.

ನಮ್ಮ ಮೈಸೂರು ಲ್ಯಾನ್ಸರ್ಸ್ ಹೈಫಾ ಗೆದ್ದುಕೊಟ್ಟವರು. ಇಸ್ರೇಲ್ ಜೊತೆ ನಿಲ್ಲಬೇಡವೇ?

1918ರ ಸೆಪ್ಟೆಂಬರ್ 23ರಂದು ಮೈಸೂರು ಮತ್ತು ಜೋಧಪುರದ ಅಶ್ವದಳಗಳು ಹೈಫಾವನ್ನು ಗೆದ್ದದ್ದು ನಿಜ, ಹೆಮ್ಮೆಯ ವಿಷಯವೂ ಹೌದು. ಬ್ರಿಟಿಷರ ಪರವಾಗಿ ಒಟ್ಟೋಮನ್ ಸೇನೆಯ ವಿರುದ್ಧ ಹೋರಾಡಿದರು. ಇಸ್ರೇಲ್ ಹುಟ್ಟಲು ಆಗಿನ್ನೂ ಮೂವತ್ತು ವರ್ಷ ಬಾಕಿ ಇತ್ತು. ಆ ಕುದುರೆ ಸವಾರರನ್ನು ಇಂದಿನ ವಾದಕ್ಕೆ ಎಳೆದು ತರುವುದು ಅವರಿಗೆ ಮಾಡುವ ಗೌರವವೇನಲ್ಲ.

ಇದು ಮುಸ್ಲಿಮರ ವಿಷಯ ಅಲ್ಲವೇ?

ನಮ್ಮಲ್ಲಿ ಬಹಳಷ್ಟು ಜನ ಊರಿನ ಜಗಳವನ್ನೇ ಜೆರುಸಲೇಮಿನ ಹೆಸರಿನಲ್ಲಿ ಆಡುತ್ತಾರೆ. ಅಲ್ಲಿನ ಚಿತ್ರ ಇವರ ಅಚ್ಚಿಗೆ ಕೂರುವುದಿಲ್ಲ. ಬೆತ್ಲೆಹೆಮ್, ರಾಮಲ್ಲಾ, ಗಾಜಾದಲ್ಲಿ ಪ್ಯಾಲೆಸ್ತೀನಿ ಕ್ರೈಸ್ತರಿದ್ದಾರೆ. 2023ರ ಅಕ್ಟೋಬರ್ 19ರಂದು ಗಾಜಾದ ಸಂತ ಪೋರ್ಫಿರಿಯಸ್ ಚರ್ಚಿನ ಆವರಣದ ಮೇಲೆ ಬಾಂಬು ಬಿದ್ದಾಗ ಅಲ್ಲಿ ಆಶ್ರಯ ಪಡೆದಿದ್ದ ಕ್ರೈಸ್ತರೇ ಸತ್ತರು. ಇಸ್ರೇಲಿನ ಜನಸಂಖ್ಯೆಯಲ್ಲಿ ಐದರಲ್ಲೊಂದು ಪಾಲು ಅರಬರು. ಅರಬ್ಬಿ ಮಾತಾಡುವ ಡ್ರೂಜ್ ಎಂಬ ಧಾರ್ಮಿಕ ಸಮುದಾಯದವರು ಇಸ್ರೇಲಿ ಸೇನೆಯಲ್ಲಿದ್ದಾರೆ.

ಇಸ್ರೇಲ್ ಸರ್ಕಾರವನ್ನು ಟೀಕಿಸಿದರೆ ಯಹೂದಿ ದ್ವೇಷವೇ ಎಂದೂ ಕೇಳುತ್ತಾರೆ. ಸರ್ಕಾರವನ್ನು ಬೈದರೆ ಅಲ್ಲ. 2008ರಲ್ಲಿ ಮುಂಬೈನ ನರಿಮನ್ ಹೌಸಿಗೆ ನುಗ್ಗಿ, ಯಹೂದಿಗಳೆಂಬ ಕಾರಣಕ್ಕೆ ಅತಿಥಿಗಳನ್ನೂ ಗುರುದಂಪತಿಯನ್ನೂ ಕೊಂದದ್ದು ಯಹೂದಿ ದ್ವೇಷ. ಹಿಟ್ಲರನನ್ನು ಹೊಗಳುವ ಮೀಮ್ ಹಂಚುವುದೂ ಅದೇ. ಅದರಂತೆ, ಗಾಜಾದ ಮಕ್ಕಳ ಬಗ್ಗೆ ಮಾತಾಡಿದ ಮಾತ್ರಕ್ಕೆ ಯಾರೂ ಹಮಾಸ್ ಏಜೆಂಟರಾಗುವುದಿಲ್ಲ.

ವಿಡಿಯೋ, ಸುದ್ದಿಗಳಲ್ಲಿ ಯಾವುದನ್ನು ನಂಬಲಿ?

ಮೂರು ಘಟನೆ ಹೇಳುತ್ತೇನೆ. 2023ರ ಅಕ್ಟೋಬರ್ 17ರ ರಾತ್ರಿ ಗಾಜಾದ ಅಲ್ ಅಹ್ಲಿ ಆಸ್ಪತ್ರೆಯ ಅಂಗಳದಲ್ಲಿ ಸ್ಫೋಟವಾಯಿತು. ಇಸ್ರೇಲ್ ಬಾಂಬು ಹಾಕಿ ಐನೂರು ಜನರನ್ನು ಕೊಂದಿತು ಎಂದು ಕೆಲವೇ ಗಂಟೆಗಳಲ್ಲಿ ಜಗತ್ತೆಲ್ಲ ಹಬ್ಬಿತು. ಗಾಜಾದಿಂದಲೇ ಹಾರಿಸಿದ, ಗುರಿತಪ್ಪಿದ ರಾಕೆಟ್ ಇರಬೇಕು ಎಂದು ಆಮೇಲೆ ಮಾನವ ಹಕ್ಕು ಸಂಸ್ಥೆ ಹ್ಯೂಮನ್ ರೈಟ್ಸ್ ವಾಚ್ ಕೂಡ ಹೇಳಿತು. ಅದಕ್ಕೆ ಒಂದು ವಾರ ಮೊದಲು ಹಮಾಸ್‌ನವರು ‘ನಲವತ್ತು ಶಿಶುಗಳ ತಲೆ ಕಡಿದರು’ ಎಂಬ ಸುದ್ದಿ ಹಬ್ಬಿತು, ಮಕ್ಕಳ ತಲೆ ಕಡಿದ ಚಿತ್ರಗಳ ಮಾತು ಅಮೆರಿಕದ ಆಗಿನ ಅಧ್ಯಕ್ಷರ ಬಾಯಿಗೂ ಬಂತು. ಅದಕ್ಕೆ ಆಧಾರ ಸಿಗಲಿಲ್ಲ, ಶ್ವೇತಭವನ ಸ್ಪಷ್ಟೀಕರಣ ಕೊಡಬೇಕಾಯಿತು.

ಮೂರನೆಯದು 2025ರ ಮಾರ್ಚ್ 23, ಗಾಜಾದ ದಕ್ಷಿಣ ತುದಿಯ ರಫಾ. ಆಂಬುಲೆನ್ಸ್‌ಗಳಲ್ಲಿ ಹೊರಟಿದ್ದ ತುರ್ತುಸೇವಾ ಸಿಬ್ಬಂದಿ 15 ಜನರನ್ನು ಇಸ್ರೇಲಿ ಸೈನಿಕರು ಕೊಂದರು. ಸುಮಾರು ಒಂದು ವಾರದ ಮೇಲೆ ಮರಳಿನಡಿ ಹೆಣಗಳು ಸಿಕ್ಕವು. ದೀಪವನ್ನೇ ಹಾಕದೆ ಅನುಮಾನ ಬರುವಂತೆ ವಾಹನಗಳು ಬಂದವು ಎಂದಿತು ಸೇನೆ. ಸತ್ತವರಲ್ಲೊಬ್ಬರ ಮೊಬೈಲಿನಲ್ಲಿ ಕೊನೆಯ ನಿಮಿಷಗಳ ವಿಡಿಯೋ ಇತ್ತು. ಹೆಡ್‌ಲೈಟೂ ಉರಿಯುತ್ತಿತ್ತು, ತುರ್ತು ದೀಪವೂ ಮಿನುಗುತ್ತಿತ್ತು. ಸೇನೆ ಮೊದಲ ಹೇಳಿಕೆ ತಪ್ಪೆಂದು ಒಪ್ಪಿಕೊಂಡಿತು.

ಮೊದಲ ದಿನದ ಸುದ್ದಿಯನ್ನು, ಅದು ಯಾರ ಪರವಾಗಿದ್ದರೂ, ಒಂದೆರಡು ದಿನ ಬಿಟ್ಟು ನೋಡಿ. ನಿಮ್ಮ ಪಕ್ಷಕ್ಕೆ ತೀರಾ ಹಿತವಾಗಿರುವ ಸುದ್ದಿಯನ್ನು ನಾಲ್ಕು ದಿನ.

ಸೈನಿಕರು ನೋಡಿಕೊಂಡೇ ಗುಂಡು ಹಾರಿಸುವುದಿಲ್ಲವೇ?

2023ರ ಡಿಸೆಂಬರ್ 15ರಂದು ಗಾಜಾ ನಗರದ ಶುಜಾಯಿಯಾದಲ್ಲಿ ಮೂವರು ಯುವಕರು ಅಂಗಿ ಕಳಚಿ, ಕೋಲಿಗೆ ಬಿಳಿ ಬಟ್ಟೆ ಕಟ್ಟಿ ಹೊರಬಂದರು. ಹಮಾಸ್ ಕೈಯಿಂದ ತಪ್ಪಿಸಿಕೊಂಡಿದ್ದ ಇಸ್ರೇಲಿ ಒತ್ತೆಯಾಳುಗಳು ಅವರು. ಹತ್ತಿರದ ಕಟ್ಟಡದ ಮೇಲೆ, ಉಳಿದ ಊಟವನ್ನೇ ಬಣ್ಣ ಮಾಡಿಕೊಂಡು ಸಹಾಯ ಬೇಡಿ ಬರೆದಿದ್ದರು. ಇಸ್ರೇಲಿ ಸೈನಿಕರ ಗುಂಡಿಗೇ ಮೂವರೂ ಸತ್ತರು. ನಿಯಮ ಮೀರಿ ಗುಂಡು ಹಾರಿಸಲಾಗಿದೆ ಎಂದು ಸೇನೆ ಹೇಳಿತು. ಆ ಮೂವರು ಗಾಜಾದವರೇ ಆಗಿದ್ದಿದ್ದರೆ ತನಿಖೆ ಆಗುತ್ತಿತ್ತೇ ಎಂದು ಇಸ್ರೇಲಿನ ಒಳಗೇ ಹಲವರು ಕೇಳಿದರು.

ನಮ್ಮವರು ಅಲ್ಲಿ ದುಡಿಯುತ್ತಾರೆ. ಅವರ ಅನ್ನಕ್ಕೆ ಕಲ್ಲು ಹಾಕುವ ಮಾತು ಯಾಕೆ?

ಮಂಗಳೂರು, ಉಡುಪಿ ಕಡೆಯ ಅನೇಕರು, ಕೇರಳದವರ ಜೊತೆ, ಇಸ್ರೇಲಿನ ವೃದ್ಧರ ಆರೈಕೆ ಮಾಡುತ್ತಾ ಮನೆಗೆ ದುಡ್ಡು ಕಳಿಸುತ್ತಾರೆ. 2021ರ ಮೇ ತಿಂಗಳಲ್ಲಿ ಗಾಜಾದ ರಾಕೆಟ್ ಇಸ್ರೇಲಿನ ಅಶ್ಕೆಲೋನ್ ನಗರದ ಮನೆಯೊಂದಕ್ಕೆ ಬಡಿದಾಗ ಸತ್ತವರಲ್ಲಿ ಕೇರಳದ ಇಡುಕ್ಕಿಯ ಅಂಥ ಮಹಿಳೆಯೊಬ್ಬರಿದ್ದರು. 2024ರ ಮಾರ್ಚ್‌ನಲ್ಲಿ ಲೆಬನಾನಿನಿಂದ ಬಂದ ಕ್ಷಿಪಣಿಗೆ ಕೊಲ್ಲಂನ ಕೃಷಿ ಕಾರ್ಮಿಕರೊಬ್ಬರು ಬಲಿಯಾದರು. ಅದೇ ವರ್ಷ ಮೇ ತಿಂಗಳಲ್ಲಿ ರಫಾದಲ್ಲಿ ವಿಶ್ವಸಂಸ್ಥೆಯ ಗುರುತಿದ್ದ ವಾಹನದ ಮೇಲಾದ ದಾಳಿಯಲ್ಲಿ, ಅದರ ಭದ್ರತಾ ವಿಭಾಗದಲ್ಲಿದ್ದ ನಿವೃತ್ತ ಭಾರತೀಯ ಸೇನಾಧಿಕಾರಿಯೊಬ್ಬರು ಸತ್ತರು. ನಾಗರಿಕರನ್ನು ಕಾಯುವ ನಿಯಮ ಸಡಿಲವಾದಷ್ಟೂ ಅಪಾಯ ನಮ್ಮ ಈ ಜನಕ್ಕೂ ಹೆಚ್ಚುತ್ತದೆ. ಅವರ ಅನ್ನದ ಪರವಾಗಿಯೇ ಈ ಮಾತು.

ಅಲ್ಲಿಯವರೇ ಯಾರಾದರೂ ಹೀಗೆ ಯೋಚಿಸುತ್ತಾರೆಯೇ, ಅಥವಾ ಇದೆಲ್ಲ ದೂರದವರ ಉಪದೇಶವೇ?

‘ಪೇರೆಂಟ್ಸ್ ಸರ್ಕಲ್’ ಎಂಬ ವೇದಿಕೆ 1995ರಿಂದ ಇದೆ. ಈ ಸಂಘರ್ಷದಲ್ಲಿ ಮಗಳನ್ನೋ ಮಗನನ್ನೋ ಒಡಹುಟ್ಟಿದವರನ್ನೋ ಕಳೆದುಕೊಂಡ ನೂರಾರು ಇಸ್ರೇಲಿ, ಪ್ಯಾಲೆಸ್ತೀನಿ ಕುಟುಂಬಗಳು ಅದರಲ್ಲಿವೆ. ರಾಮಿ ಎಲ್ಹಾನನ್ ಅವರ ಮಗಳು 1997ರಲ್ಲಿ ಜೆರುಸಲೇಮಿನ ಆತ್ಮಹತ್ಯಾ ದಾಳಿಯಲ್ಲಿ ಸತ್ತಳು. ಬಸ್ಸಾಮ್ ಅರಾಮಿನ್ ಅವರ ಹತ್ತು ವರ್ಷದ ಮಗಳು 2007ರಲ್ಲಿ ಇಸ್ರೇಲಿ ಗಡಿ ಪೊಲೀಸರ ರಬ್ಬರ್ ಗುಂಡಿಗೆ ಸತ್ತಳು. ಇಬ್ಬರೂ ಜೊತೆಯಾಗಿ ಜನರ ಮುಂದೆ ನಿಂತು ಮಾತಾಡುತ್ತಾರೆ. ಎರಡೂ ಕಡೆ ಅವರನ್ನು ದ್ರೋಹಿಗಳು ಎನ್ನುವವರಿದ್ದಾರೆ. ಇಸ್ರೇಲಿನ ಸೇನಾ ಹಿಡಿತ ಕೊನೆಯಾಗಬೇಕು ಎಂದು ಇಬ್ಬರೂ ಬಹಿರಂಗವಾಗಿಯೇ ಹೇಳುತ್ತಾರೆ, ಅಂದರೆ ಪಕ್ಷವನ್ನೂ ವಹಿಸಿದ್ದಾರೆ.

ಕದನ ವಿರಾಮ ಬಂತಲ್ಲ, ಇನ್ನೂ ಏನು ಚರ್ಚೆ?

2025ರ ಅಕ್ಟೋಬರ್ 10ರಂದು ಕದನ ವಿರಾಮ ಜಾರಿಯಾಯಿತು. 13ರಂದು ಜೀವಂತ ಉಳಿದಿದ್ದ ಕೊನೆಯ 20 ಒತ್ತೆಯಾಳುಗಳು ಮನೆ ಸೇರಿದರು, ಬದಲಿಗೆ ಸುಮಾರು ಎರಡು ಸಾವಿರ ಪ್ಯಾಲೆಸ್ತೀನಿ ಕೈದಿಗಳ ಬಿಡುಗಡೆಗೆ ಒಪ್ಪಂದವಾಗಿತ್ತು. ಆಮೇಲೂ ಗಾಜಾದಲ್ಲಿ ದಾಳಿಗಳಾಗಿವೆ, ನೂರಾರು ಜನ ಸತ್ತಿದ್ದಾರೆ. ಯುದ್ಧದುದ್ದಕ್ಕೂ ವಿದೇಶಿ ಪತ್ರಕರ್ತರನ್ನು ಇಸ್ರೇಲ್ ಗಾಜಾದೊಳಗೆ ಸ್ವತಂತ್ರವಾಗಿ ಓಡಾಡಲು ಬಿಡಲಿಲ್ಲ, ಕುಸಿದ ಕಟ್ಟಡಗಳ ಅಡಿಯಿಂದ ಹೆಣ ತೆಗೆಯುವ ಕೆಲಸಕ್ಕೆ ಯಂತ್ರಗಳೂ ಸಾಲದು. ಪಟ್ಟಿಗೆ ಹೊಸ ಹೆಸರುಗಳು ಇನ್ನೂ ಸೇರುತ್ತಿವೆ.